ಭಯೋತ್ಪಾದನಾ ನಿಗ್ರಹ ಕಾನೂನು: ಒಮ್ಮೆ ಒಪ್ಪಿದ ಮೇಲೆ ಸಂಸತ್ತು ತಿರುಗಿ ನೋಡುತ್ತದೆಯೇ?

2013ರ ಫೆಬ್ರುವರಿಯಲ್ಲಿ ಇಡೀ ರಾಜ್ಯದ ಕಣ್ಣು ಬೆಳಗಾವಿಯ ಹಿಂಡಲಗಾ ಜೈಲಿನ ಮೇಲಿತ್ತು. ವೀರಪ್ಪನ್ ಸಹಚರರೆಂದು ಶಿಕ್ಷೆಗೊಳಗಾಗಿದ್ದ ನಾಲ್ವರ ಕ್ಷಮಾದಾನದ ಅರ್ಜಿಯನ್ನು ರಾಷ್ಟ್ರಪತಿಗಳು ತಿರಸ್ಕರಿಸಿದ್ದರು. ಗಲ್ಲಿಗೇರಿಸುವುದು ಇಂದೋ ನಾಳೆಯೋ ಎಂಬ ಸುದ್ದಿ ಟಿ.ವಿ.ಗಳಲ್ಲಿ ಓಡುತ್ತಿತ್ತು. ಕೊನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಮರುವರ್ಷ ಜನವರಿ 21ರಂದು, ಕ್ಷಮಾದಾನದ ತೀರ್ಮಾನಕ್ಕೆ ಆದ ವಿಪರೀತ ವಿಳಂಬವನ್ನು ಎತ್ತಿ ಹೇಳಿ, ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

ಆಗ ನಡೆದ ಚರ್ಚೆಯಲ್ಲಿ ಮರಣದಂಡನೆ ಸರಿಯೋ ತಪ್ಪೋ ಎಂಬ ಮಾತೇ ಮುಂದಿತ್ತು. ಅವರಿಗೆ ಶಿಕ್ಷೆಯಾದದ್ದು ಯಾವ ಕಾನೂನಿನಡಿ ಎಂಬುದನ್ನು ಗಮನಿಸಿದವರು ಕಡಿಮೆ. ಅದು ಟಾಡಾ, ಅಂದರೆ ಭಯೋತ್ಪಾದನೆ ಮತ್ತು ವಿಧ್ವಂಸಕ ಚಟುವಟಿಕೆ (ತಡೆ) ಕಾಯ್ದೆ. 1985ರಲ್ಲಿ ಹುಟ್ಟಿ, 1995ರ ಮೇ ತಿಂಗಳಲ್ಲಿ ಕೊನೆಗೊಂಡ ಕಾನೂನು. ಹಿಂಡಲಗಾದಲ್ಲಿ ಗಲ್ಲಿನ ಮಾತು ಎದ್ದಾಗ ಆ ಕಾನೂನು ಇಲ್ಲವಾಗಿ ಹದಿನೆಂಟು ವರ್ಷ ಸಮೀಪಿಸಿತ್ತು. ಅದನ್ನು ತಂದದ್ದಾದರೂ ಪಂಜಾಬಿನ ಉಗ್ರವಾದವನ್ನು ಮುಂದಿಟ್ಟುಕೊಂಡು. ದೆಹಲಿ ಮತ್ತು ಸುತ್ತಮುತ್ತ ಟ್ರಾನ್ಸಿಸ್ಟರ್ ಬಾಂಬುಗಳು ಸಿಡಿದ ಎರಡು ವಾರದೊಳಗೆ ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಮುಂದೆ ಅದೇ ಕಾನೂನು ಮಲೆಮಹದೇಶ್ವರ ಬೆಟ್ಟದ ಕಾಡಂಚಿನ ಹಳ್ಳಿಗಳಿಗೆ ಬಂದು ಮುಟ್ಟಿತು.

ಈ ನಾಲ್ವರಿಗೆ ಶಿಕ್ಷೆ ತಂದ, ವೀರಪ್ಪನ್ ತಂಡದ 1993ರ ಪಾಲಾರ್ ಸ್ಫೋಟ ಘೋರ ಕೃತ್ಯ, ಅದರಲ್ಲಿ ಎರಡು ಮಾತಿಲ್ಲ. 22 ಜನ ಸತ್ತರು. ತನಿಖೆ ಆಗಲೇಬೇಕಿತ್ತು, ತಪ್ಪಿತಸ್ಥರಿಗೆ ಶಿಕ್ಷೆಯೂ ಆಗಬೇಕಿತ್ತು. ಆದರೆ ಟಾಡಾ ಅಡಿ ಹಿಡಿದು ತಂದವರಲ್ಲಿ ಹೆಂಗಸರೂ ಸೇರಿ ನೂರಕ್ಕೂ ಹೆಚ್ಚು ಜನ ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿ ಕಳೆದರು. 2001ರಲ್ಲಿ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ತಪ್ಪಿತಸ್ಥರೆಂದು ಸಾಬೀತಾದವರು 14 ಮಂದಿ, ಉಳಿದವರೆಲ್ಲ ಖುಲಾಸೆ. ಟಾಡಾದಲ್ಲಿ ಜಾಮೀನು ಸಿಗುವುದು ಬಹುತೇಕ ಅಸಾಧ್ಯ, ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೇ ಸಾಕ್ಷ್ಯ, ಮೇಲ್ಮನವಿಗೆ ಹೈಕೋರ್ಟ್ ಇಲ್ಲ, ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಗಬೇಕು. ಈ ನಾಲ್ವರ ವಿಷಯದಲ್ಲಿ ಆದದ್ದೂ ಹಾಗೆಯೇ: ಶಿಕ್ಷೆ ಕಡಿಮೆಯಾಗಲಿ ಎಂದು ಹೋದವರಿಗೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಗಲ್ಲಿಗೆ ಏರಿಸಿತು.

ಈ ಹಳೆಯ ಕಥೆಯನ್ನು ಈಗ ತೆಗೆಯಲು ಕಾರಣವಿದೆ. ಭಯೋತ್ಪಾದನೆಯ ವಿರುದ್ಧ ಸರ್ಕಾರ ಕೇಳುವ ಅಧಿಕಾರವನ್ನು ಸಂಸತ್ತು ಒಂದು ಸಿಟ್ಟಿನ, ದುಃಖದ ಗಳಿಗೆಯಲ್ಲಿ ಕೊಡುತ್ತದೆ. ಆ ಅಧಿಕಾರ ಎಲ್ಲಿಗೆ ಹೋಗಿ ಮುಟ್ಟಿತು, ಯಾರ ಮೇಲೆ ಬಿತ್ತು, ನಿಜವಾಗಿ ಭಯೋತ್ಪಾದನೆಯನ್ನು ತಡೆಯಿತೇ ಎಂದು ಆಮೇಲೆ ನೋಡುವವರು ಯಾರು? ಟಾಡಾ ಕಾಲದಲ್ಲಿ ಈ ಪ್ರಶ್ನೆಗೆ ಅರೆಬರೆಯಾದರೂ ಒಂದು ಉತ್ತರವಿತ್ತು. ಇವತ್ತು ಅದೂ ಇಲ್ಲ.

ಟಾಡಾದಲ್ಲಿ ಒಂದು ಕಾಲಮಿತಿಯ ಷರತ್ತಿತ್ತು. ಕಾನೂನಿನ ಆಯಸ್ಸು ಎರಡೇ ವರ್ಷ, ಮುಂದುವರಿಸಬೇಕೆಂದರೆ ಸರ್ಕಾರ ಮತ್ತೆ ಸಂಸತ್ತಿನ ಮುಂದೆ ಬರಬೇಕು. 1987ರಲ್ಲಿ ಹೊಸ ಕಾಯ್ದೆಯಾಗಿ ಬಂತು. 1989, 1991, 1993ರಲ್ಲಿ ಅವಧಿ ವಿಸ್ತರಣೆಯಾಯಿತು. ಈ ಷರತ್ತು ಬರೀ ಶಾಸ್ತ್ರಕ್ಕೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ, ಪ್ರತಿ ಸಲವೂ ಒಪ್ಪಿಗೆ ಸಿಕ್ಕೇ ಸಿಕ್ಕಿತು. ಆದರೆ ಐದನೆಯ ಸಲ ಸಿಗಲಿಲ್ಲ. ಅಷ್ಟರಲ್ಲಿ ಬಂಧಿತರ ಸಂಖ್ಯೆ 70,000 ದಾಟಿತ್ತು, ಶಿಕ್ಷೆಯಾದವರು ಬೆರಳೆಣಿಕೆ ಎನ್ನುವಷ್ಟು ಕಡಿಮೆ. ಆ ಕಾಲಕ್ಕೆ ಉಗ್ರವಾದದ ಹಾವಳಿ ಹೇಳಿಕೊಳ್ಳುವಷ್ಟಿಲ್ಲದ ಗುಜರಾತಿನಲ್ಲೇ ಸಾವಿರಾರು ಜನರ ಮೇಲೆ ಟಾಡಾ ಬಿದ್ದಿತ್ತು. ಅವರಲ್ಲಿ ರೈತ ಹೋರಾಟಗಾರರೂ ಇದ್ದರು, ಕಾರ್ಮಿಕ ಸಂಘಟಕರೂ ಇದ್ದರು. 1995ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಎಲ್ಲ ಸಂಸದರಿಗೆ ಪತ್ರ ಬರೆದು, ಇದನ್ನು ಮುಂದುವರಿಸಬೇಡಿ ಎಂದು ಕೇಳಿಕೊಂಡರು. ಆ ವರ್ಷ ಮೇ 23ಕ್ಕೆ ಟಾಡಾ ತಾನಾಗಿಯೇ ಮುಗಿಯಿತು.

ಇಲ್ಲಿ ಗಮನಿಸಬೇಕಾದ್ದು, ಅದನ್ನು ರದ್ದು ಮಾಡಲು ಯಾರೂ ಮಸೂದೆ ತರಬೇಕಾಗಲಿಲ್ಲ. ಭಯೋತ್ಪಾದಕರ ಪರ ಎನ್ನಿಸಿಕೊಳ್ಳುವ ಹೆದರಿಕೆಯಿಂದ ಪಕ್ಷಗಳು ಸಾಮಾನ್ಯವಾಗಿ ಇಂಥ ಕಾನೂನನ್ನು ರದ್ದು ಮಾಡಿ ಎಂದು ಮೊದಲು ಕೈ ಎತ್ತುವುದಿಲ್ಲ. ಕಾಲಮಿತಿ ಇದ್ದರೆ ಹೊರೆ ಇನ್ನೊಂದು ಹೆಗಲಿಗೆ ಹೋಗುತ್ತದೆ. ಕಾನೂನು ಏಕೆ ಬೇಡ ಎಂದು ವಿರೋಧಿಸುವವರು ರುಜುವಾತು ಮಾಡುವ ಬದಲು, ಏಕೆ ಇನ್ನೂ ಬೇಕು ಎಂದು ಸರ್ಕಾರ ಲೆಕ್ಕ ಕೊಡಬೇಕಾಗುತ್ತದೆ.

2002ರ ಭಯೋತ್ಪಾದನೆ ತಡೆ ಕಾಯ್ದೆ, ಅಂದರೆ ಪೋಟಾದಲ್ಲೂ ಈ ಷರತ್ತಿತ್ತು, ಮೂರು ವರ್ಷದ್ದು. 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆಯೇ ದಾಳಿಯಾದ ಮೇಲೂ ಆ ಮಸೂದೆ ಸುಲಭಕ್ಕೆ ಪಾಸಾಗಲಿಲ್ಲ ಎಂಬುದನ್ನು ನೆನೆಯಬೇಕು. ರಾಜ್ಯಸಭೆ ಅದನ್ನು ತಿರಸ್ಕರಿಸಿತು. 2002ರ ಮಾರ್ಚ್ 26ರಂದು ಎರಡೂ ಸದನಗಳ ಜಂಟಿ ಅಧಿವೇಶನ ಕರೆದು, 425 ಮತ ಪರ, 296 ಮತ ವಿರುದ್ಧ, ಹಾಗೆ ಒಪ್ಪಿಗೆ ಪಡೆಯಬೇಕಾಯಿತು. ಸ್ವತಂತ್ರ ಭಾರತದಲ್ಲಿ ಮಸೂದೆಗಾಗಿ ಜಂಟಿ ಅಧಿವೇಶನ ನಡೆದದ್ದು ಅದು ಮೂರನೆಯ ಸಲ. ದೇಶದ ದೊಡ್ಡ ಚಾವಡಿಯ ಮೇಲೆ ಗುಂಡು ಹಾರಿದ ಮೂರೂವರೆ ತಿಂಗಳಲ್ಲೇ ಸುಮಾರು ಮುನ್ನೂರು ಸದಸ್ಯರು ಬೇಡ ಎಂದರು, ಅವರು ದೇಶದ್ರೋಹಿಗಳೆಂದು ಇತಿಹಾಸವೇನೂ ಹೇಳಿಲ್ಲ.

2004ರಲ್ಲಿ ಹೊಸ ಸರ್ಕಾರ ಬಂದು ಸುಗ್ರೀವಾಜ್ಞೆಯಿಂದ ಪೋಟಾ ರದ್ದು ಮಾಡಿತು. ನನ್ನ ಲೆಕ್ಕದಲ್ಲಿ ನಿಜವಾದ ತಿರುವು ಇರುವುದು ಅಲ್ಲಿ. ಅದೇ ವರ್ಷ ಸೆಪ್ಟೆಂಬರ್ 21ರಂದು ಇನ್ನೊಂದು ಸುಗ್ರೀವಾಜ್ಞೆಯ ಮೂಲಕ 1967ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಅಂದರೆ ಯುಎಪಿಎ ಒಳಗೆ ಭಯೋತ್ಪಾದನೆಯ ಅಧ್ಯಾಯಗಳನ್ನು ಸೇರಿಸಲಾಯಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವ ಅಂಶವನ್ನು ಕೈಬಿಟ್ಟರು, ಅದು ಟಾಡಾ–ಪೋಟಾಗಳ ಕಹಿ ಅನುಭವದಿಂದ ಕಲಿತ ಒಳ್ಳೆಯ ಪಾಠವೇ. ಆದರೆ ಅದರ ಜೊತೆಗೇ ಕಾಲಮಿತಿಯ ಷರತ್ತೂ ಹೋಯಿತು. ಅಲ್ಲಿಯವರೆಗೆ ತಾತ್ಕಾಲಿಕ, ಅಸಾಧಾರಣ ಎಂದು ಹೇಳಿಕೊಂಡು ಬಂದಿದ್ದ ಅಧಿಕಾರ ಸದ್ದಿಲ್ಲದೆ ಕಾಯಂ ಆಯಿತು. ಪೋಟಾದ ಹೆಸರು ಹೋದ ಸಮಾಧಾನದಲ್ಲಿ ಇದನ್ನು ಕೇಳಿದವರು ಕಡಿಮೆ.

ಮುಂಬೈ ದಾಳಿಯ ನಂತರದ್ದು ಇನ್ನೂ ಅವಸರದ ಕೆಲಸ. 2008ರ ಡಿಸೆಂಬರ್ 16ರಂದು ರಾಷ್ಟ್ರೀಯ ತನಿಖಾ ದಳದ ಮಸೂದೆ ಮತ್ತು ಯುಎಪಿಎ ತಿದ್ದುಪಡಿ ಮಂಡನೆ, 17ಕ್ಕೆ ಲೋಕಸಭೆಯ ಒಪ್ಪಿಗೆ, 18ಕ್ಕೆ ರಾಜ್ಯಸಭೆಯದು. ಮೂರು ದಿನದಲ್ಲಿ ಎಲ್ಲ ಮುಗಿಯಿತು. ಆ ತಿದ್ದುಪಡಿಯಲ್ಲೇ ಬಂದದ್ದು 43ಡಿ ಕಲಂ: ಆರೋಪಪಟ್ಟಿ ಇಲ್ಲದೆ 180 ದಿನದವರೆಗೆ ಬಂಧನ, ಆರೋಪ ಮೇಲ್ನೋಟಕ್ಕೆ ನಿಜ ಎನ್ನಿಸಿದರೆ ಜಾಮೀನು ಇಲ್ಲ. ಇವತ್ತಿಗೂ ಯುಎಪಿಎ ಕುರಿತ ಎಲ್ಲ ಜಗ್ಗಾಟ ಈ ಒಂದು ಕಲಂ ಸುತ್ತಲೇ ನಡೆಯುತ್ತಿದೆ. ಜನರ ಸ್ವಾತಂತ್ರ್ಯವನ್ನು ಇಷ್ಟು ಬಿಗಿಯಾಗಿ ಹಿಡಿಯುವ ಒಂದು ಉಪವಾಕ್ಯವನ್ನು ಸಂಸದೀಯ ಸಮಿತಿಯೊಂದು ಕುಳಿತು ಓದಲಿಲ್ಲ, ವಕೀಲರನ್ನು, ತನಿಖಾಧಿಕಾರಿಗಳನ್ನು ಕರೆದು ಕೇಳಲಿಲ್ಲ. 2019ರಲ್ಲಿ ವ್ಯಕ್ತಿಯನ್ನೂ ಭಯೋತ್ಪಾದಕ ಎಂದು ಘೋಷಿಸುವ ಅಧಿಕಾರ ಸೇರಿದಾಗ, ಮಸೂದೆಯನ್ನು ಆಯ್ಕೆ ಸಮಿತಿಗೆ ಕಳಿಸೋಣ ಎಂಬ ಸೂಚನೆ ರಾಜ್ಯಸಭೆಯಲ್ಲಿ ಬಂತು. 85 ಮತ ಪರ, 104 ವಿರುದ್ಧ, ಬಿದ್ದುಹೋಯಿತು. ಮಸೂದೆ 147–42ರಲ್ಲಿ ಪಾಸಾಯಿತು. ಒಂದು ಪಕ್ಷ ಸರಿ, ಇನ್ನೊಂದು ತಪ್ಪು ಎಂದು ಹೇಳಲು ಇಲ್ಲಿ ಜಾಗವಿಲ್ಲ. 2008ರ ಮೂರು ದಿನದ ಓಟ ಒಬ್ಬರದು, 2019ರದು ಇನ್ನೊಬ್ಬರದು.

ಬೆಳಗಾವಿಯಲ್ಲಿ ಕುಳಿತು ಇದನ್ನು ಬರೆಯುವವರಿಗೆ ಒಂದು ಆಕ್ಷೇಪ ಎದುರಾಗಿಯೇ ಆಗುತ್ತದೆ. ಇದು ಮರಾಠಾ ಲಘು ಪದಾತಿ ದಳದ ಊರು. ಕ್ಯಾಂಪ್ ಪ್ರದೇಶದಲ್ಲಿ, ಗೋಕಾಕ, ಚಿಕ್ಕೋಡಿ, ಖಾನಾಪುರ ಕಡೆಯ ಹಳ್ಳಿಗಳ ಕಟ್ಟೆಗಳಲ್ಲಿ ನಿವೃತ್ತ ಹವಾಲ್ದಾರರು, ಸುಬೇದಾರರು ಸಿಗುತ್ತಾರೆ. ‘ನಮ್ಮ ಹುಡುಗ್ರು ಅಲ್ಲಿ ಗಡಿಯೊಳಗ ಜೀವಾ ಒತ್ತೆ ಇಟ್ಟು ನಿಂತಾರ. ಇವ್ರು ದಿಲ್ಲಿಯೊಳಗ ಕುಂತು ಪ್ರಶ್ನೆ ಕೇಳ್ಕೋತ ಹೋದ್ರ ಅವ್ರ ಕೈ ಕಟ್ಟಿಧಂಗ ಆಗೂದಿಲ್ಲೇನ್ರೀ?’ ಎನ್ನುವ ಮಾತು ಇಲ್ಲಿ ಸಾಮಾನ್ಯ. ಇದನ್ನು ತಳ್ಳಿಹಾಕುವುದು ತಪ್ಪು. ಮಗನನ್ನು ಗಡಿಗೆ ಕಳಿಸಿದವರ ಮಾತು ಅದು.

ಅವರಿಗೆ ಪಠಾಣಕೋಟ್ ವಿಷಯ ಹೇಳಬೇಕು. 2016ರ ಜನವರಿ 2ರಂದು ಅಲ್ಲಿನ ವಾಯುನೆಲೆಗೆ ಉಗ್ರರು ನುಗ್ಗಿದರು. ಹಿಂದಿನ ರಾತ್ರಿಗಳಲ್ಲೇ ಪೊಲೀಸ್ ಅಧಿಕಾರಿಯೊಬ್ಬರ ಅಪಹರಣವಾಗಿ ಎಚ್ಚರಿಕೆ ಸಿಕ್ಕಿತ್ತು. ಆದರೂ ಹೇಗೆ ನುಗ್ಗಿದರು? ಇದನ್ನು ಲಿಖಿತವಾಗಿ, ನೇರವಾಗಿ ಕೇಳಿದ್ದು ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ. ಅದೇ ವರ್ಷ ಮೇ ತಿಂಗಳಲ್ಲಿ ಮಂಡಿಸಿದ ವರದಿಯಲ್ಲಿ ಸಮಿತಿ, ನಮ್ಮ ಭಯೋತ್ಪಾದನಾ ನಿಗ್ರಹ ವ್ಯವಸ್ಥೆಯಲ್ಲೇ ಏನೋ ದೊಡ್ಡ ಲೋಪವಿದೆ ಎಂದಿತು. ವಾಯುನೆಲೆಯ ಭದ್ರತೆ ಸಡಿಲವಾಗಿತ್ತು, ಕಾಂಪೌಂಡ್ ಗೋಡೆಗೆ ಸರಿಯಾದ ಕಾವಲು ಇರಲಿಲ್ಲ ಎಂದು ತೋರಿಸಿತು. ಆ ಸಮಿತಿಯಲ್ಲಿ ಆಡಳಿತ ಪಕ್ಷದವರೂ ಇದ್ದರು. ಸೈನಿಕನ ಕೈ ಕಟ್ಟಿದ ವರದಿ ಅದಲ್ಲ. ಮುಂದಿನ ಸಲ ಕಾವಲಿಗೆ ನಿಂತವನ ಬೆನ್ನ ಹಿಂದೆ ಗೋಡೆ ಗಟ್ಟಿಯಿರಲಿ ಎಂದು ಕೇಳಿದ ವರದಿ. ಮಗನನ್ನು ಕಳಿಸಿದ ಮನೆಗೆ ಸಂಸತ್ತು ಕೊಡಬಹುದಾದ ಗೌರವ ಎಂದರೆ ಇಂಥ ಪ್ರಶ್ನೆಗಳೇ.

ಕಾರ್ಗಿಲ್ ಆದಮೇಲೆ ನಡೆದದ್ದೂ ನೆನಪಿಡತಕ್ಕದ್ದು. ಯುದ್ಧ ಮುಗಿದ ಮೂರೇ ದಿನಕ್ಕೆ, 1999ರ ಜುಲೈ 29ರಂದು, ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿ ರಚನೆಯಾಯಿತು. ಅದು ಸಂಸದೀಯ ಸಮಿತಿಯಲ್ಲ, ನಿಜ. ಆದರೆ ಗುಪ್ತಚರ ಮಾಹಿತಿ ಎಲ್ಲಿ ಕೈಕೊಟ್ಟಿತು ಎಂಬುದನ್ನು ಬರೆದು, ಗೌಪ್ಯವಾದ ಭಾಗಗಳನ್ನು ಮುಚ್ಚಿ, ಉಳಿದ ವರದಿಯನ್ನು 2000ದ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದಿಟ್ಟರು. ದೇಶದ ಗುಟ್ಟೂ ಉಳಿಯಿತು, ದೇಶಕ್ಕೆ ಲೆಕ್ಕವೂ ಸಿಕ್ಕಿತು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರ ಹತ್ಯೆಯಾಯಿತು, ಅವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಸಂಸತ್ತಿನಲ್ಲಿ ಅದರ ಮತ್ತು ಆಪರೇಷನ್ ಸಿಂಧೂರದ ಚರ್ಚೆ ನಡೆದದ್ದು ಮೂರು ತಿಂಗಳ ಮೇಲೆ, ಜುಲೈ ಕೊನೆಯ ವಾರ. ಭಾಷಣಗಳು ಗಂಟೆಗಟ್ಟಲೆ ಆದವು. ಭಾಷಣ ಬೇರೆ, ಪರಿಶೀಲನೆ ಬೇರೆ. ಪ್ರವಾಸಿಗರು ತುಂಬಿದ ಹುಲ್ಲುಗಾವಲಿಗೆ ಏಕೆ ಕಾವಲಿರಲಿಲ್ಲ ಎಂಬ ಪ್ರಶ್ನೆ ಕಾಗದ ಪತ್ರ, ಸಾಕ್ಷಿ, ಮರುಪ್ರಶ್ನೆಗಳ ಮೂಲಕ ಬಿಡಿಸಬೇಕಾದದ್ದು. ಅದು ಟಿ.ವಿ. ಕ್ಯಾಮೆರಾ ಇಲ್ಲದ ಸಮಿತಿಯ ಕೋಣೆಯಲ್ಲಿ ಮಾತ್ರ ಆಗುವ ಕೆಲಸ.

ಈ ಸ್ಥಾಯಿ ಸಮಿತಿಗಳು ಶುರುವಾದದ್ದು 1993ರಲ್ಲಿ. ಒಂದೊಂದರಲ್ಲಿ 31 ಜನ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮುಚ್ಚಿದ ಬಾಗಿಲ ಹಿಂದೆ ಸಭೆ ಸೇರುವುದರಿಂದ ಪಕ್ಷದ ಠೀವಿ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಕೈಗೆ ಹೆಚ್ಚು ಅಧಿಕಾರವಿಲ್ಲ. ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ದೇಶದ ಭದ್ರತೆಗೆ ಧಕ್ಕೆಯಾಗುತ್ತದೆ ಎಂದು ಹೇಳಿ ದಾಖಲೆ ಕೊಡದೆ ಇರಲು ಸರ್ಕಾರಕ್ಕೆ ನಿಯಮದಲ್ಲೇ ಅವಕಾಶವಿದೆ. ಸದಸ್ಯರ ಅವಧಿಯೂ ಒಂದೇ ವರ್ಷ, ಭದ್ರತೆಯಂಥ ಜಟಿಲ ವಿಷಯ ಅರ್ಥವಾಗುವಷ್ಟರಲ್ಲಿ ಅವರನ್ನು ಬದಲಾಯಿಸಿರುತ್ತಾರೆ. ಮಸೂದೆಗಳು ಸಮಿತಿಗೆ ಬರುವುದೂ ಇಳಿದುಹೋಗಿದೆ: 15ನೇ ಲೋಕಸಭೆಯಲ್ಲಿ ನೂರಕ್ಕೆ 71 ಮಸೂದೆಗಳು ಸಮಿತಿ ಕಂಡಿದ್ದರೆ, 17ನೆಯದರಲ್ಲಿ 16. ಇನ್ನು ಗುಪ್ತಚರ ದಳ ಐಬಿ ಮತ್ತು ರಾ ಸಂಸ್ಥೆಗಳನ್ನು ಯಾವ ಸಮಿತಿಯೂ ನೋಡುವುದಿಲ್ಲ, ಅವು ಸಂಸತ್ತಿನ ಕಾಯ್ದೆಯಿಂದ ಹುಟ್ಟಿದವೇ ಅಲ್ಲ. 2011ರಲ್ಲಿ ಸಂಸದ ಮನೀಶ್ ತಿವಾರಿ ಇವುಗಳನ್ನು ಕಾನೂನಿನ ಚೌಕಟ್ಟಿಗೆ ತರಲು ಖಾಸಗಿ ಮಸೂದೆ ಮಂಡಿಸಿದ್ದರು. ಖಾಸಗಿ ಮಸೂದೆಗಳಿಗೆ ಆಗುವ ಗತಿಯೇ ಅದಕ್ಕೂ ಆಯಿತು.

ಬ್ರಿಟನ್ನಿನಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಅವರೂ ಅವಸರ ಮಾಡಿದವರೇ: 1974ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಪಬ್‌ಗಳಲ್ಲಿ ಬಾಂಬ್ ಸಿಡಿದ ಎಂಟು ದಿನಕ್ಕೆ ಹೊಸ ಕಾನೂನು ಬಂದಿತ್ತು. ಆದರೆ ಅದನ್ನು ಮತ್ತೆ ಮತ್ತೆ ಸಂಸತ್ತಿನ ಮುಂದೆ ತಂದು ನವೀಕರಿಸಬೇಕಿತ್ತು. ಈಗ ಅಲ್ಲಿ ಭಯೋತ್ಪಾದನಾ ಕಾನೂನುಗಳ ಸ್ವತಂತ್ರ ಪರಿಶೀಲಕ ಎಂಬ ಹುದ್ದೆಯಿದೆ. ಸರ್ಕಾರದ ನೌಕರನಲ್ಲದ ಒಬ್ಬ ನುರಿತ ವಕೀಲ ಗುಪ್ತ ಕಡತಗಳನ್ನೂ ನೋಡಿ ಪ್ರತಿವರ್ಷ ವರದಿ ಬರೆಯುತ್ತಾನೆ, ಅದು ಸಂಸತ್ತಿನಲ್ಲಿ ಮಂಡನೆಯಾಗುತ್ತದೆ. ಅನುಮಾನಕ್ಕೆ ಕಾರಣವೇ ಇಲ್ಲದೆ ದಾರಿಹೋಕರನ್ನು ನಿಲ್ಲಿಸಿ ತಪಾಸಣೆ ಮಾಡುವ ಅಧಿಕಾರವೊಂದು ಅಲ್ಲಿನ ಪೊಲೀಸರಿಗಿತ್ತು. 2009–10ರಲ್ಲಿ ಅದರಡಿ ಒಂದು ಲಕ್ಷಕ್ಕೂ ಹೆಚ್ಚು ತಪಾಸಣೆಗಳಾದವು, ಭಯೋತ್ಪಾದನೆಯ ಆರೋಪದಲ್ಲಿ ಒಂದು ಬಂಧನವೂ ಆಗಲಿಲ್ಲ. ಪರಿಶೀಲಕರ ವರದಿಗಳು ಇದನ್ನು ಬಿಡದೆ ಎತ್ತಿದವು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ತಪ್ಪೆಂದಿತು, ಅಧಿಕಾರ ಹೋಯಿತು. 2005ರಲ್ಲಿ ಆರೋಪವಿಲ್ಲದೆ 90 ದಿನ ಬಂಧನದಲ್ಲಿಡುವ ಸರ್ಕಾರದ ಪ್ರಸ್ತಾವವನ್ನು ಲಂಡನ್ನಿನಲ್ಲಿ ಬಾಂಬ್ ಸಿಡಿದ ನಾಲ್ಕು ತಿಂಗಳಲ್ಲೇ ಕೆಳಮನೆ 322–291ರಲ್ಲಿ ತಿರಸ್ಕರಿಸಿತು. ಆಡಳಿತ ಪಕ್ಷದ ಸದಸ್ಯರೇ ತಮ್ಮ ಪ್ರಧಾನಿಯ ವಿರುದ್ಧ ಮತ ಹಾಕಿದ್ದರಿಂದ ಅದು ಸಾಧ್ಯವಾಯಿತು. ನಮ್ಮಲ್ಲಿ ಪಕ್ಷದ ವಿಪ್ ಮೀರಿದರೆ ಸದಸ್ಯತ್ವವೇ ಹೋಗುತ್ತದೆ, ಆದ್ದರಿಂದ ಮತದಾನದ ಹಂತದಲ್ಲಿ ಸ್ವತಂತ್ರ ತೀರ್ಪು ನಿರೀಕ್ಷಿಸುವುದು ಕಷ್ಟ. ಆ ಕಾರಣಕ್ಕೇ ಸಮಿತಿಯ ಹಂತವೂ ಕಾಲಮಿತಿಯೂ ನಮಗೆ ಅವರಿಗಿಂತ ಹೆಚ್ಚು ಬೇಕು.

2023ರ ಡಿಸೆಂಬರ್ ಈ ಎಲ್ಲವನ್ನೂ ಒಂಬತ್ತೇ ದಿನಗಳಲ್ಲಿ ತೋರಿಸಿಕೊಟ್ಟಿತು. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುತ್ತಿದ್ದ ದಿನಗಳವು. 13ರಂದು, 2001ರ ದಾಳಿಯ ವರ್ಷಾಚರಣೆಯ ದಿನವೇ, ಲೋಕಸಭೆಯ ಪ್ರೇಕ್ಷಕರ ಗ್ಯಾಲರಿಯಿಂದ ಇಬ್ಬರು ಕೆಳಗೆ ಹಾರಿ ಬಣ್ಣದ ಹೊಗೆ ಬಿಟ್ಟರು. ಅವರ ಪಾಸಿಗೆ ಶಿಫಾರಸು ಹೋಗಿದ್ದು ಮೈಸೂರಿನ ಅಂದಿನ ಸಂಸದರಿಂದ. ಬಂಧಿತರ ಮೇಲೆ ಯುಎಪಿಎ ಹೇರಲಾಯಿತು. ಭದ್ರತಾ ಲೋಪದ ಬಗ್ಗೆ ಗೃಹ ಸಚಿವರು ಸದನದಲ್ಲಿ ಹೇಳಿಕೆ ಕೊಡಲಿ ಎಂದು ವಿರೋಧ ಪಕ್ಷಗಳು ಪಟ್ಟು ಹಿಡಿದವು. ಹೇಳಿಕೆ ಬರಲಿಲ್ಲ, ಅಮಾನತು ಬಂತು: ಎರಡೂ ಸದನಗಳಿಂದ ಒಟ್ಟು 146 ಸದಸ್ಯರು ಹೊರಗೆ. ಅವರು ಹೊರಗಿದ್ದ ದಿನಗಳಲ್ಲೇ, 20 ಮತ್ತು 21ರಂದು, ಹೊಸ ಅಪರಾಧ ಸಂಹಿತೆಗಳು ಪಾಸಾದವು. ಅದರಲ್ಲಿ ಭಾರತೀಯ ನ್ಯಾಯ ಸಂಹಿತೆಯ 113ನೇ ಕಲಂ ಭಯೋತ್ಪಾದನೆಯನ್ನು ಮೊದಲ ಬಾರಿಗೆ ಸಾಮಾನ್ಯ ದಂಡಸಂಹಿತೆಯೊಳಗೆ ತಂದಿತು. ಯುಎಪಿಎ ಇದ್ದೂ ಇದು ಏಕೆ ಬೇಕು ಎಂಬ ಪ್ರಶ್ನೆಗೆ ಸದನದಲ್ಲಿ ಸರಿಯಾದ ಜಟಾಪಟಿ ಆಗಲೇ ಇಲ್ಲ. ಯಾವ ಪ್ರಕರಣ ಯಾವುದರಡಿ ದಾಖಲಾಗಬೇಕು ಎಂದು ತೀರ್ಮಾನಿಸುವವರು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಪೊಲೀಸ್ ಅಧಿಕಾರಿ. ಒಂದು ಮಾತು ಸರ್ಕಾರದ ಪರವಾಗಿಯೂ ಹೇಳಬೇಕು: ಈ ಮಸೂದೆಗಳು ಆಗಸ್ಟಿನಿಂದ ನವೆಂಬರ್‌ವರೆಗೆ ಗೃಹ ಸ್ಥಾಯಿ ಸಮಿತಿಯ ಮುಂದಿದ್ದವು. ಮೊದಲ ಕರಡಿನಲ್ಲಿ ಭಯೋತ್ಪಾದನೆಯ ವ್ಯಾಖ್ಯೆ ತೀರಾ ಸಡಿಲವಾಗಿತ್ತು, ಡಿಸೆಂಬರ್‌ನಲ್ಲಿ ಮರಳಿ ಬಂದ ಕರಡಿನಲ್ಲಿ ಅದನ್ನು ಯುಎಪಿಎ ವ್ಯಾಖ್ಯೆಗೆ ಹತ್ತಿರ ತಂದಿದ್ದರು. ನಾಲ್ಕು ತಿಂಗಳು ಬಿಡುವು ಕೊಟ್ಟರೆ ಕಾನೂನು ಇಷ್ಟಾದರೂ ಸುಧಾರಿಸುತ್ತದೆ.

ನಮ್ಮ ಜಿಲ್ಲೆ ಲೋಕಸಭೆಗೆ ಮೂವರನ್ನು ಕಳಿಸುವುದರಲ್ಲಿ ಪಾಲುದಾರ: ಬೆಳಗಾವಿ, ಚಿಕ್ಕೋಡಿ, ಜೊತೆಗೆ ಖಾನಾಪುರ–ಕಿತ್ತೂರಿನ ಮತ ಸೇರುವ ಉತ್ತರ ಕನ್ನಡ. ಅವರ ಕೈಯಲ್ಲಿರುವ ಅತಿ ಸುಲಭದ ಸಾಧನ ಪ್ರಶ್ನೋತ್ತರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಸಚಿವರು ಎದ್ದುನಿಂತು ಉತ್ತರಿಸಬೇಕಾದ ಪಟ್ಟಿಯಲ್ಲಿರುತ್ತವೆ, 230 ಚುಕ್ಕೆರಹಿತ ಪ್ರಶ್ನೆಗಳಿಗೆ ಲಿಖಿತ ಉತ್ತರ. ಇದರ ಬೆಲೆ ಏನೆಂದು ತಿಳಿಯಲು 2021ರ ಫೆಬ್ರುವರಿಯಲ್ಲಿ ಗೃಹ ಖಾತೆಯ ರಾಜ್ಯ ಸಚಿವರು ರಾಜ್ಯಸಭೆಗೆ ಕೊಟ್ಟ ಒಂದು ಲಿಖಿತ ಉತ್ತರ ಸಾಕು: 2016ರಿಂದ 2019ರವರೆಗೆ ಯುಎಪಿಎ ಅಡಿ ಬಂಧಿತರು 5,922, ಆ ಅವಧಿಯಲ್ಲಿ ಶಿಕ್ಷೆಯಾದವರು 132. ವಿಚಾರಣೆ ನಿಧಾನ, ಶಿಕ್ಷೆಯ ಲೆಕ್ಕ ತಡವಾಗಿ ಬರುತ್ತದೆ ಎಂದು ಸರ್ಕಾರ ವಾದಿಸಬಹುದು, ಆ ವಾದದಲ್ಲೂ ಸತ್ಯವಿದೆ. ಆದರೆ ನಿಧಾನವೇ ಕಾರಣವಾದರೆ ಜಾಮೀನಿಲ್ಲದ ಕಾನೂನಿನಲ್ಲಿ ಆ ನಿಧಾನವೇ ಶಿಕ್ಷೆಯಾಗುತ್ತದೆ. ಯುಎಪಿಎ ಅಡಿ ಹೊರಡಿಸಿದ ಆದೇಶಗಳನ್ನು ಸದನದ ಮುಂದಿಡಬೇಕೆಂಬ ಕಲಂ ಇದೆ, ಆದರೆ ಕಾನೂನು ಹೇಗೆ ನಡೆಯುತ್ತಿದೆ ಎಂಬ ವಾರ್ಷಿಕ ವರದಿ ಕೊಡಬೇಕೆಂಬ ಕಟ್ಟಳೆ ಇಲ್ಲ. ಯಾರಾದರೂ ಕೇಳಿದರೆ ಉತ್ತರ, ಇಲ್ಲದಿದ್ದರೆ ಇಲ್ಲ. ಐದು ವರ್ಷಕ್ಕೊಮ್ಮೆ 43ಡಿ ಕಲಮನ್ನು ಸಂಸತ್ತು ಮತ್ತೆ ಒಪ್ಪಬೇಕು, ಅದಕ್ಕೆ ಮುಂಚೆ ಸ್ಥಾಯಿ ಸಮಿತಿಯ ವರದಿ ಕಡ್ಡಾಯ ಎಂಬ ಒಂದು ತಿದ್ದುಪಡಿ ತಂದರೆ ತನಿಖಾ ದಳಗಳ ಕೈಯಿಂದ ಏನೂ ಕಿತ್ತುಕೊಂಡಂತಾಗುವುದಿಲ್ಲ.

ಇದರಲ್ಲಿ ರಾಜ್ಯದ ಪಾಲೂ ಇದೆ, ಅದಕ್ಕೆ ದೆಹಲಿಯವರೆಗೆ ಹೋಗಬೇಕಿಲ್ಲ. ಪೊಲೀಸ್ ರಾಜ್ಯದ ವಿಷಯ. ಯುಎಪಿಎ ಪ್ರಕರಣ ನ್ಯಾಯಾಲಯದ ವಿಚಾರಣೆಗೆ ಹೋಗಬೇಕಾದರೆ 45ನೇ ಕಲಂ ಪ್ರಕಾರ ಸರ್ಕಾರದ ಪೂರ್ವಾನುಮತಿ ಬೇಕು. ರಾಜ್ಯ ಪೊಲೀಸರೇ ತನಿಖೆ ಮಾಡಿದ ಪ್ರಕರಣಗಳಲ್ಲಿ ಅದನ್ನು ಕೊಡುವುದು ರಾಜ್ಯ ಸರ್ಕಾರ. 2008ರ ನಿಯಮಗಳಂತೆ ಸ್ವತಂತ್ರ ಪ್ರಾಧಿಕಾರವೊಂದು ಸಾಕ್ಷ್ಯ ನೋಡಿ ಏಳು ಕೆಲಸದ ದಿನಗಳಲ್ಲಿ ಶಿಫಾರಸು ಮಾಡಬೇಕು, ಸರ್ಕಾರ ಮತ್ತೆ ಏಳು ದಿನದಲ್ಲಿ ತೀರ್ಮಾನಿಸಬೇಕು. ಈ ಗಡುವು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಕರ್ನಾಟಕದಲ್ಲಿ ಆ ಪ್ರಾಧಿಕಾರದಲ್ಲಿ ಯಾರಿದ್ದಾರೆ, ಎಷ್ಟು ಕಡತ ನೋಡಿದರು, ಎಷ್ಟಕ್ಕೆ ಸಾಕ್ಷ್ಯ ಸಾಲದು ಎಂದು ಮರಳಿ ಕಳಿಸಿದರು, ಗಡುವು ಮೀರಿದ ಕಡತ ಎಷ್ಟು? ಸುವರ್ಣಸೌಧದ ಅಧಿವೇಶನಕ್ಕೆ ಬರುವ ಶಾಸಕರಲ್ಲಿ ಯಾರಾದರೊಬ್ಬರು ಈ ನಾಲ್ಕು ಸಾಲನ್ನು ಪ್ರಶ್ನೆಯಾಗಿ ಬರೆದು ಕಾರ್ಯದರ್ಶಿಗೆ ಕೊಟ್ಟರೆ, ಗೃಹ ಇಲಾಖೆ ಹಲಗಾದ ಆ ಕಟ್ಟಡದಲ್ಲೇ ಉತ್ತರ ಕೊಡಬೇಕಾಗುತ್ತದೆ.